ಹಾಲ್ ಕತ್ತಲಾದ ಮೇಲೆ: ಥಿಯೇಟರಿನಲ್ಲಿ ಸಿನಿಮಾ ನಮ್ಮನ್ನು ಒಳಗೆಳೆದುಕೊಳ್ಳುವುದು ಹೇಗೆ?

2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ಸಿನಿಮಾ ಟಿಕೆಟ್‌ಗೆ ತೆರಿಗೆ ಬಿಟ್ಟು 200 ರೂಪಾಯಿಯ ಮಿತಿ ಹಾಕಿತು. ಅದೇ ತಿಂಗಳು ಹೈಕೋರ್ಟ್ ಅದಕ್ಕೆ ಮಧ್ಯಂತರ ತಡೆ ಕೊಟ್ಟಿತು. ಎಷ್ಟು ಕೊಡಬೇಕು ಎಂಬ ಆ ಜಗಳದಲ್ಲಿ ಇನ್ನೊಂದು ಪ್ರಶ್ನೆ ಹಿಂದೆ ಉಳಿಯಿತು: ಕೊಟ್ಟ ದುಡ್ಡಿಗೆ ಹಾಲ್ ಒಳಗೆ ನಮಗೆ ಸಿಗಬೇಕಾದದ್ದು ಏನು? ಕೆಲವೇ ವಾರಗಳಲ್ಲಿ ಅದೇ ಸಿನಿಮಾ ಮೊಬೈಲಿಗೆ ಬರುವ ಕಾಲದಲ್ಲಿ, ಬುಕಿಂಗ್ ಆ್ಯಪ್‌ನಲ್ಲಿ ಒಂದೇ ಸಿನಿಮಾದ ಪಕ್ಕ 2ಕೆ, 4ಕೆ ಲೇಸರ್, ಅಟ್ಮಾಸ್, ಐಮ್ಯಾಕ್ಸ್ ಎಂದು ನಾಲ್ಕು ದರ ಕಾಣುವಾಗ, ಇದನ್ನು ತಿಳಿದಿದ್ದರೆ ಲಾಭವಿದೆ.

ಥಿಯೇಟರ್ ಮಾಡುವ ಕೆಲಸದಲ್ಲಿ ಹೆಚ್ಚಿನ ಪಾಲು ತೆಗೆದುಹಾಕುವುದು. ಬೆಳಕು ತೆಗೆಯುತ್ತದೆ, ಹೊರಗಿನ ಸದ್ದು ತೆಗೆಯುತ್ತದೆ, ಪರದೆಯ ಅಂಚು ಕಾಣದಂತೆ ಮಾಡುತ್ತದೆ, ಸ್ಪೀಕರ್ ಎಲ್ಲಿದೆ ಎಂಬುದನ್ನೂ ಮರೆಸುತ್ತದೆ. ನೀವು ಕುರ್ಚಿಯಲ್ಲಿ ಕೂತಿದ್ದೀರಿ ಎಂದು ನೆನಪಿಸುವುದೆಲ್ಲ ಹೋದ ಮೇಲೆ ಉಳಿಯುವುದು ಸಿನಿಮಾ ಮಾತ್ರ.

ಗೇಣಿನ ಲೆಕ್ಕ

ತೋಳನ್ನು ನೇರ ಚಾಚಿ, ಹೆಬ್ಬೆರಳು ಕಿರುಬೆರಳುಗಳನ್ನು ಅಗಲಿಸಿ, ಒಂದು ಕಣ್ಣು ಮುಚ್ಚಿ ನೋಡಿ. ಆ ಒಂದು ಗೇಣು ನಿಮ್ಮ ನೋಟದಲ್ಲಿ ಸುಮಾರು 20 ಡಿಗ್ರಿ ಜಾಗ ಹಿಡಿಯುತ್ತದೆ. ಕೈ ಉದ್ದ ಇದ್ದವರ ಗೇಣೂ ಉದ್ದ ಇರುವುದರಿಂದ ಈ ಅಳತೆ ಎಲ್ಲರಿಗೂ ಹತ್ತಿರ ಹತ್ತಿರ ಒಂದೇ.

ಈಗ 43 ಇಂಚಿನ ಟಿವಿಯನ್ನು ಎರಡೂವರೆ ಮೀಟರ್ ದೂರದಿಂದ ನೋಡಿದರೆ ಅದರ ಅಗಲ 21–22 ಡಿಗ್ರಿ, ಅಂದರೆ ಒಂದು ಗೇಣು ಚಿಲ್ಲರೆ. ಥಿಯೇಟರಿನಲ್ಲಿ ಪರದೆ 12 ಮೀಟರ್ ಅಗಲ ಇದೆ ಎಂದುಕೊಳ್ಳಿ. 22 ಮೀಟರ್ ಹಿಂದಿನ ಸಾಲಿಗೆ ಅದು 30 ಡಿಗ್ರಿ, ಒಂದೂವರೆ ಗೇಣು. ಹದಿನೆಂಟೂವರೆ ಮೀಟರಿನಲ್ಲಿ 36 ಡಿಗ್ರಿ, ಹದಿನಾಲ್ಕೂವರೆ ಮೀಟರಿನಲ್ಲಿ 45 ಡಿಗ್ರಿ. ಪರದೆಯಿಂದ 5 ಮೀಟರಿನಲ್ಲಿರುವ ಗಾಂಧಿ ಕ್ಲಾಸಿಗೆ ಬರೋಬ್ಬರಿ 100 ಡಿಗ್ರಿ. ಅಲ್ಲಿ ಕೂತವರು ಸಿನಿಮಾ ನೋಡಲು ಟೆನಿಸ್ ಆಟ ನೋಡುವವರಂತೆ ಕತ್ತು ತಿರುಗಿಸಬೇಕು. ಸಿನಿಮಾ ಎಂಜಿನಿಯರುಗಳ ಅಮೆರಿಕದ ಸಂಸ್ಥೆ ಎಸ್‌ಎಂಪಿಟಿಇ ಹೇಳುವ ಕನಿಷ್ಠ ಮಿತಿ 30 ಡಿಗ್ರಿ. ಟಿಎಚ್‌ಎಕ್ಸ್ ಎಂಬ ಗುಣಮಟ್ಟದ ಮುದ್ರೆ ಕೊಡುವವರು ಕೊನೆಯ ಸಾಲಿಗೂ 36 ಸಿಗಲಿ ಎನ್ನುತ್ತಾರೆ. ಹಾಗಾಗಿ ಕೂತ ಕಡೆಯಿಂದ ಪರದೆ ಸುಮಾರು ಎರಡು ಗೇಣು ತುಂಬಿದರೆ ಒಳ್ಳೆಯ ಸೀಟು. ಹೆಚ್ಚಿನ ಹಾಲ್‌ಗಳಲ್ಲಿ ಇದು ಮುಂದಿನಿಂದ ಮೂರನೇ ಎರಡು ಭಾಗ ಹಿಂದೆ, ನಡುವೆ ಬರುತ್ತದೆ.

ಇಲ್ಲೊಂದು ತಕರಾರು ಏಳುತ್ತದೆ. ಆರೂವರೆ ಇಂಚಿನ ಮೊಬೈಲನ್ನು ಅಡ್ಡ ಹಿಡಿದು 30 ಸೆಂಟಿಮೀಟರ್ ದೂರದಲ್ಲಿಟ್ಟರೆ ಅದೂ 28 ಡಿಗ್ರಿ ಹಿಡಿಯುತ್ತದೆ, ಹೆಚ್ಚುಕಡಿಮೆ ಕೊನೆಯ ಸಾಲಿನಷ್ಟೇ. ಹಾಗಿದ್ದರೆ ಮೊಬೈಲಿನಲ್ಲಿ ಆ ಅನುಭವ ಏಕಿಲ್ಲ?

ಒಂದು ಕಾರಣ ಕಣ್ಣಿನ ಸ್ನಾಯು. ಹತ್ತಿರದ್ದನ್ನು ನೋಡಲು ಕಣ್ಣಿನೊಳಗಿನ ಮಸೂರ ಉಬ್ಬಬೇಕು, ಎರಡೂ ಕಣ್ಣು ಒಳಕ್ಕೆ ತಿರುಗಬೇಕು. ಈ ಶ್ರಮದಿಂದಲೇ ಮಿದುಳು ದೂರವನ್ನು ಅಂದಾಜು ಮಾಡುತ್ತದೆ: ‘ಇದು ಕೈಯಲ್ಲಿರುವ ಸಣ್ಣ ವಸ್ತು’. ಆರು ಮೀಟರಿನಾಚೆ ಈ ಶ್ರಮ ಬಹುತೇಕ ಇಲ್ಲವಾಗುತ್ತದೆ. ಅಲ್ಲಿ ಕಾಣುವ ಬೆಟ್ಟ ಬೆಟ್ಟದಷ್ಟೇ ದೊಡ್ಡದೆಂದು ನಂಬಲು ಮಿದುಳಿಗೆ ಅಡ್ಡಿಯಿಲ್ಲ. ಇನ್ನೊಂದು ಕಾರಣ ಸುತ್ತಲಿನದು. ಮೊಬೈಲಿನ ಸುತ್ತ ನಿಮ್ಮ ಹೆಬ್ಬೆರಳು, ಮಂಚದ ಅಂಚು, ತಿರುಗುವ ಫ್ಯಾನು ಎಲ್ಲವೂ ಕಾಣುತ್ತಿರುತ್ತವೆ.

ನೋಟದ ಅಂಚಿಗೆ ಒಂದು ವಿಶೇಷ ಕೆಲಸವಿದೆ. ಅರಸೀಕೆರೆಯಲ್ಲಿ ನಿಮ್ಮ ರೈಲು ನಿಂತಿದೆ. ಪಕ್ಕದ ಹಳಿಯ ರೈಲು ಮೆಲ್ಲಗೆ ಹೊರಟರೆ, ಒಂದು ಕ್ಷಣ ನಿಮ್ಮದೇ ಹೊರಟಂತೆ ಅನಿಸಿ ಮೈ ಜುಮ್ಮೆನ್ನುತ್ತದೆ. ಕಿಟಕಿ ತುಂಬ ಒಂದೇ ದಿಕ್ಕಿಗೆ ಚಲನೆ ಕಂಡರೆ ‘ಜಗತ್ತು ನಿಂತಿದೆ, ಸರಿಯುತ್ತಿರುವುದು ನಾನು’ ಎಂದು ಮಿದುಳು ತೀರ್ಮಾನಿಸುತ್ತದೆ. ಪರದೆ ನೋಟವನ್ನು ಎಷ್ಟು ಹೆಚ್ಚು ತುಂಬುತ್ತದೋ ಈ ಭ್ರಮೆ ಅಷ್ಟು ಗಟ್ಟಿ. ಬೆನ್ನಟ್ಟುವ ದೃಶ್ಯದಲ್ಲಿ ನಾವು ಸೀಟಿನಲ್ಲೇ ವಾಲುವುದು ಇದರಿಂದ. ಮುಂದಿನ ಸಾಲಿನಲ್ಲಿ ಕೆಲವರಿಗೆ ತಲೆ ಸುತ್ತುವುದೂ ಇದರಿಂದಲೇ: ಕಣ್ಣು ಓಡುತ್ತಿದ್ದೇನೆ ಎನ್ನುತ್ತದೆ, ಒಳಗಿವಿ ಕೂತಿದ್ದೇನೆ ಎನ್ನುತ್ತದೆ.

ಬಿಳಿ ಪರದೆಯ ಮೇಲೆ ಕಪ್ಪು ಎಲ್ಲಿಂದ ಬಂತು?

ದೀಪ ಹಾಕಿದಾಗ ಪರದೆಯನ್ನು ನೋಡಿ. ಅದು ಬಿಳಿ. ಪ್ರೊಜೆಕ್ಟರಿಗೆ ಕಪ್ಪು ಬಣ್ಣ ಎಸೆಯಲು ಬರುವುದಿಲ್ಲ, ಬೆಳಕು ಎಸೆಯಲು ಮಾತ್ರ ಬರುತ್ತದೆ. ಹಾಗಾಗಿ ಸಿನಿಮಾದ ರಾತ್ರಿ, ನೆರಳು, ಕೂದಲಿನ ಕಪ್ಪು ಎಲ್ಲವೂ ಬೆಳಕು ಬೀಳದೆ ಉಳಿದ ಜಾಗಗಳು. ಹಾಲ್‌ನಲ್ಲಿ ಎಷ್ಟು ಕತ್ತಲೆಯಿದೆಯೋ ಸಿನಿಮಾದ ಕಪ್ಪು ಅಷ್ಟೇ ಕಪ್ಪು. ಟೆಂಟ್ ಸಿನಿಮಾಗಳಲ್ಲಿ ಸಾಮಾನ್ಯವಾಗಿ ಸಂಜೆಯ ಮೊದಲ ಆಟ, ರಾತ್ರಿಯ ಎರಡನೇ ಆಟ ಮಾತ್ರ ಇರುತ್ತಿದ್ದುದು ಇದಕ್ಕೇ. ಬಟ್ಟೆಯ ಟೆಂಟಿಗೆ ಹಗಲನ್ನು ತಡೆಯಲು ಆಗುವುದಿಲ್ಲ.

ಲೆಕ್ಕಕ್ಕೆ ಬನ್ನಿ. ಥಿಯೇಟರ್ ಪರದೆಯ ನಡುವೆ ಪೂರ್ತಿ ಬಿಳಿ ಬಣ್ಣಕ್ಕೆ ನಿಗದಿಯಾದ ಪ್ರಕಾಶ ಪ್ರತಿ ಚದರ ಮೀಟರಿಗೆ 48 ಕ್ಯಾಂಡೆಲಾ. ಪ್ರೊಜೆಕ್ಷನ್ ರೂಮಿನವರು ಇದನ್ನೇ ‘14 ಫುಟ್ ಲ್ಯಾಂಬರ್ಟ್’ ಎನ್ನುತ್ತಾರೆ. ಕೇಳಿದರೆ ಆಶ್ಚರ್ಯವಾದೀತು, ಇದು ತೀರಾ ಕಡಿಮೆ. ನಿಮ್ಮ ಮೊಬೈಲು ಪೂರ್ತಿ ಬೆಳಕಿನಲ್ಲಿ 500ಕ್ಕೂ ಹೆಚ್ಚು ಕೊಡುತ್ತದೆ. 12 ಮೀಟರ್ ಅಗಲದ ಪರದೆಯನ್ನು ಸರಿಯಾಗಿ ಬೆಳಗಲು ಅದರ ಮೇಲೆ ಬೀಳಬೇಕಾದ ಬೆಳಕು ಸುಮಾರು 9,000 ಲ್ಯೂಮೆನ್, ಅಂದರೆ ಮನೆಯ 9 ವ್ಯಾಟಿನ ಎಲ್‌ಇಡಿ ಬಲ್ಬು ಹತ್ತು ಹನ್ನೊಂದು. ಇಷ್ಟೇ ಬೆಳಕು ಕಣ್ಣು ಕೋರೈಸುವಂತೆ ಕಾಣಲು ಕಾರಣ, ಕತ್ತಲಿಗೆ ಹೊಂದಿಕೊಂಡ ಕಣ್ಣು. ಕತ್ತಲೆಗೆ ಹೋದಾಗ ಕಣ್ಣಿನ ಪಾಪೆ ಕೂಡಲೇ ಹಿಗ್ಗುತ್ತದೆ. ಆದರೆ ಕಣ್ಣಿನ ಹಿಂಪರದೆ ಪೂರ್ತಿ ಸೂಕ್ಷ್ಮವಾಗಲು 20–30 ನಿಮಿಷ ಬೇಕು. ಜಾಹೀರಾತು, ಟ್ರೇಲರುಗಳಿಂದ ಆಗುವ ಒಂದು ಉಪಕಾರ ಎಂದರೆ ಅಷ್ಟರಲ್ಲಿ ಕಣ್ಣು ಅರ್ಧ ದಾರಿ ಬಂದಿರುತ್ತದೆ.

ಡಿಜಿಟಲ್ ಸಿನಿಮಾದ ಗುಣಮಟ್ಟದಲ್ಲಿ ಬಿಳಿ ಮತ್ತು ಕಪ್ಪಿನ ಅನುಪಾತ 2,000ಕ್ಕೆ 1 ಎಂದಿದೆ. ಅಂದರೆ ಕಪ್ಪು ದೃಶ್ಯದಲ್ಲಿ ಪರದೆಯ ಮೇಲೆ ಇರಬೇಕಾದ ಬೆಳಕು 0.024 ಕ್ಯಾಂಡೆಲಾ. ಇಷ್ಟನ್ನು ಕೆಡಿಸಲು ಹೆಚ್ಚೇನೂ ಬೇಕಿಲ್ಲ. ಮೆಟ್ಟಿಲಿನ ಪಟ್ಟಿದೀಪ, ತೆರೆದಿಟ್ಟ ಬಾಗಿಲು, ವಾಟ್ಸ್ಆ್ಯಪ್ ನೋಡುವ ಒಬ್ಬ ಪುಣ್ಯಾತ್ಮ ಸಾಕು. ಇನ್ನೊಂದು ಶತ್ರು ಸಿನಿಮಾದ್ದೇ ಬೆಳಕು: ಪರದೆಯಿಂದ ಹೊರಟದ್ದು ಗೋಡೆ, ಚಾವಣಿಗೆ ತಾಗಿ ವಾಪಸು ಪರದೆಗೆ ಬಂದರೆ ಕಪ್ಪು ಬೂದುಬಣ್ಣವಾಗುತ್ತದೆ. ಗೋಡೆಗೆ ಕಡುಗೆಂಪು, ಕಪ್ಪು ಬಟ್ಟೆ ಹೊದಿಸುವುದು ಅದಕ್ಕಾಗಿ. ಅದರ ಹಿಂದಿರುವ ಗ್ಲಾಸ್‌ವುಲ್ ಸದ್ದನ್ನೂ ಹೀರುತ್ತದೆ. ಒಂದೇ ಹೊದಿಕೆಗೆ ಎರಡು ಕೆಲಸ.

ಬೆಳಕು ಕುಂದುವುದು ಎಲ್ಲಿ

ಹಳೆಯ ಡಿಜಿಟಲ್ ಪ್ರೊಜೆಕ್ಟರುಗಳಲ್ಲಿ ಇರುವುದು ಝೆನಾನ್ ಬಲ್ಬು. ಗಾಜಿನಂಥ ಸ್ಫಟಿಕದ ಬುರುಡೆಯಲ್ಲಿ ಅನಿಲವನ್ನು ಭಾರಿ ಒತ್ತಡದಲ್ಲಿ ತುಂಬಿರುತ್ತಾರೆ. ಬದಲಿಸುವಾಗ ಆಪರೇಟರ್ ಮುಖಕ್ಕೆ ಕವಚ, ಕೈಗೆ ದಪ್ಪ ಗವಸು ಹಾಕಲೇಬೇಕು, ಒಡೆದರೆ ಬಾಂಬಿನಂತೆ ಸಿಡಿಯುತ್ತದೆ. ಬರಿಗೈಯಲ್ಲಿ ಮುಟ್ಟಿದ ಬೆರಳಿನ ಜಿಡ್ಡು ಅಂಟಿದರೂ ಆ ಜಾಗ ಹೆಚ್ಚು ಕಾದು ಬುರುಡೆ ಬಿರುಕು ಬಿಡಬಹುದು. ಇದರ ಬಾಳಿಕೆ ವ್ಯಾಟನ್ನು ನೋಡಿಕೊಂಡು ಕೆಲವು ನೂರು ಗಂಟೆಯಿಂದ ಒಂದೆರಡು ಸಾವಿರ ಗಂಟೆ. ಒಂದೇ ದಿನ ಆರಿಹೋಗುವುದಿಲ್ಲ, ವಾರ ವಾರ ಮಂಕಾಗುತ್ತ ಹೋಗುತ್ತದೆ. ಅವಧಿ ಮುಗಿದ ಬಲ್ಬನ್ನೇ ಎಳೆದಾಡಿದರೆ ರಾತ್ರಿಯ ದೃಶ್ಯಗಳು ಮೊದಲು ಸಾಯುತ್ತವೆ. ಹೊಸ ಲೇಸರ್ ಪ್ರೊಜೆಕ್ಟರುಗಳ ಬೆಳಕಿನ ಮೂಲ 20,000 ಗಂಟೆಗೂ ಹೆಚ್ಚು ಬರುತ್ತದೆ. ಪ್ರೇಕ್ಷಕರಿಗೆ ಲೇಸರಿನ ದೊಡ್ಡ ಲಾಭ ಇದೇ, ಮಂಕಾಗುವ ವೇಗ ಕಡಿಮೆ.

3ಡಿಯಲ್ಲಿ ಬೆಳಕನ್ನು ಎರಡು ಕಣ್ಣಿಗೆ ಹಂಚಬೇಕು, ಮೇಲೆ ಫಿಲ್ಟರ್, ಕನ್ನಡಕ ಬೇರೆ. ಕಣ್ಣಿಗೆ ಉಳಿಯುವುದು ಸುಮಾರು 4.5 ಫುಟ್ ಲ್ಯಾಂಬರ್ಟ್, 2ಡಿಯ ಮೂರನೇ ಒಂದು ಭಾಗ. ಇದನ್ನು ತುಂಬಿಕೊಳ್ಳಲು ಬೆಳ್ಳಿ ಲೇಪದ ಪರದೆ ಹಾಕುತ್ತಾರೆ. ಬೆಳ್ಳಿಗೆ ಧ್ರುವೀಕೃತ ಬೆಳಕನ್ನು (ಎರಡು ಕಣ್ಣಿನ ಚಿತ್ರ ಬೇರ್ಪಡಿಸಲು ಒಂದು ಬಗೆಯಲ್ಲಿ ಮಾತ್ರ ಕಂಪಿಸುವಂತೆ ಮಾಡಿದ ಬೆಳಕು) ಕೆಡಿಸದೆ ವಾಪಸು ಕೊಡುವ ಗುಣವೂ ಇದೆ. ಆದರೆ ಅದೇ ಪರದೆಯಲ್ಲಿ 2ಡಿ ಸಿನಿಮಾ ನೋಡಿದರೆ ನಡುಭಾಗ ಹೊಳೆದು ಅಂಚುಗಳು ಮಂಕಾಗುತ್ತವೆ. ಹಾಲ್‌ನ ಎಡ ಬಲ ಅಂಚಿನ ಸೀಟುಗಳಲ್ಲಿ ಕೂತವರಿಗೆ ಇದು ಇನ್ನೂ ಎದ್ದು ಕಾಣುತ್ತದೆ. 3ಡಿ ಆಟ ಮುಗಿದ ಮೇಲೆ ಫಿಲ್ಟರ್ ತೆಗೆಯಲು ಮರೆತರಂತೂ ಇಡೀ 2ಡಿ ಸಿನಿಮಾ ಮುಸ್ಸಂಜೆಯಲ್ಲಿ ನಡೆದಂತಿರುತ್ತದೆ.

ಪರದೆಯಲ್ಲಿ ತೂತುಗಳಿವೆ

ಆಟ ಮುಗಿದ ಮೇಲೆ ಪರದೆಯ ಬುಡಕ್ಕೆ ಹೋಗಿ ನೋಡಿ. ಸೂಜಿಯಲ್ಲಿ ಚುಚ್ಚಿದಂತೆ ಸಾಲು ಸಾಲು ತೂತು, ಒಂದೊಂದೂ ಹೆಚ್ಚುಕಡಿಮೆ ಒಂದು ಮಿಲಿಮೀಟರ್. ಪರದೆಯ ನೂರು ಪಾಲಿನಲ್ಲಿ ನಾಲ್ಕೈದು ಪಾಲು ಬರೀ ತೂತು. ಅದರ ಹಿಂದೆ ಆಳೆತ್ತರದ ಸ್ಪೀಕರುಗಳು ನಿಂತಿವೆ: ಎಡ, ನಡು, ಬಲ. ಮಾತು ಬಹುತೇಕ ಬರುವುದು ನಡುವಿನದ್ದರಿಂದ. ನಟಿಯ ಬಾಯಿಯಿಂದಲೇ ದನಿ ಬಂದಂತೆ ಅನಿಸುವುದಕ್ಕೆ ಅದು ನಿಜಕ್ಕೂ ಅವಳ ಮುಖದ ಹಿಂದಿನಿಂದ ಬರುತ್ತಿರುವುದು ಕಾರಣ. ಟಿವಿಯಲ್ಲಿ ದನಿ ಕೆಳಗಿನಿಂದಲೋ ಹಿಂದಿನ ಗೋಡೆಗೆ ಬಡಿದೋ ಬರುತ್ತದೆ.

5.1 ಎಂದರೆ ಈ ಮೂರು, ಎರಡು ಪಕ್ಕದ ಗೋಡೆಗೆ ಒಂದೊಂದು, ಇವು ಐದು, ಆ ‘.1’ ಗುಡುಗಿನಂಥ ತಗ್ಗು ಸದ್ದಿಗೆ ಮೀಸಲಾದ ಸಬ್‌ವೂಫರ್. ಗೋಡೆಯಲ್ಲಿ ಆರು ಸ್ಪೀಕರ್ ಕಂಡರೂ 5.1ರಲ್ಲಿ ಎಡಗೋಡೆಯದ್ದೆಲ್ಲ ಒಂದೇ ಸದ್ದು ಹೇಳುತ್ತವೆ. 2012ರಲ್ಲಿ ಬಂದ ಡಾಲ್ಬಿ ಅಟ್ಮಾಸ್ ಈ ಕಟ್ಟನ್ನು ಬಿಚ್ಚಿತು. ಅದರಲ್ಲಿ 128ರವರೆಗೆ ಧ್ವನಿಪಥಗಳು, 64ರವರೆಗೆ ಬೇರೆ ಬೇರೆ ಸ್ಪೀಕರುಗಳು, ಚಾವಣಿಯಲ್ಲೂ ಎರಡು ಸಾಲು. ಧ್ವನಿ ಬೆರೆಸುವವರು ‘ಈ ಹೆಲಿಕಾಪ್ಟರ್ ಮುಂದಿನ ಎಡಮೂಲೆಯಿಂದ ತಲೆಯ ಮೇಲೆ ಹಾದು ಹಿಂದಕ್ಕೆ ಹೋಗಲಿ’ ಎಂದು ಜಾಗವನ್ನೇ ಬರೆದಿಡುತ್ತಾರೆ. ಯಾವ ಸ್ಪೀಕರ್ ಯಾವಾಗ ಮಾತಾಡಬೇಕೆಂದು ಹಾಲ್‌ನಲ್ಲಿರುವ ಯಂತ್ರ ಅಲ್ಲಿರುವ ಸ್ಪೀಕರ್ ನೋಡಿಕೊಂಡು ಲೆಕ್ಕ ಹಾಕುತ್ತದೆ. ಡೊಳ್ಳಿನ ಮೆರವಣಿಗೆ ಮನೆ ಮುಂದೆ ಹಾದುಹೋದರೆ ಕಣ್ಣು ಮುಚ್ಚಿದ್ದರೂ ಅದು ಎಲ್ಲಿಗೆ ಬಂತೆಂದು ಹೇಳುತ್ತೀರಲ್ಲ, ಆ ಶಕ್ತಿಯನ್ನೇ ಇದು ಬಳಸಿಕೊಳ್ಳುವುದು.

ಸದ್ದು ಒಂದು ಮೀಟರ್ ಸಾಗಲು ಸುಮಾರು 3 ಮಿಲಿಸೆಕೆಂಡ್ ಬೇಕು. ಪಕ್ಕದ ಗೋಡೆ ನಿಮಗೆ ಹತ್ತಿರ, ಪರದೆ ದೂರ. ಹಾಗೇ ಬಿಟ್ಟರೆ ಗೋಡೆಯ ಸದ್ದು ಮೊದಲು ತಲುಪುತ್ತದೆ. ಯಾವುದು ಮೊದಲು ಕೇಳಿತೋ ಆ ಕಡೆಯಿಂದಲೇ ಸದ್ದು ಬಂತೆಂದು ಕಿವಿ ನಂಬುವುದರಿಂದ, ಸಂಗೀತವೆಲ್ಲ ಪಕ್ಕಕ್ಕೆ ಎಳೆದಂತಾಗುತ್ತದೆ. ಅದಕ್ಕಾಗಿ ಗೋಡೆಯ ಸ್ಪೀಕರುಗಳನ್ನು ಲೆಕ್ಕ ಹಾಕಿ ತಡವಾಗಿ ಮಾತಾಡಿಸುತ್ತಾರೆ. 30 ಮೀಟರ್ ಉದ್ದದ ದೊಡ್ಡ ಹಾಲ್‌ನ ಕೊನೆಯ ಸಾಲಿಗೆ ಪರದೆಯ ಸದ್ದು ತಲುಪುವಾಗ 87 ಮಿಲಿಸೆಕೆಂಡ್ ಕಳೆದಿರುತ್ತದೆ, ಅಷ್ಟರಲ್ಲಿ ಎರಡು ಫ್ರೇಮು ದಾಟಿರುತ್ತವೆ. ದೂರದವರ ಮಾತು ಸ್ವಲ್ಪ ತಡವಾಗಿ ಬರುವುದು ಜೀವನದಲ್ಲೂ ಇದ್ದದ್ದೇ ಆದ್ದರಿಂದ ಹೆಚ್ಚಿನವರಿಗೆ ಗೊತ್ತಾಗುವುದಿಲ್ಲ.

ಇನ್ನು ತಗ್ಗು ಸದ್ದು. 30 ಹರ್ಟ್ಸ್‌ನ ಒಂದು ಅಲೆಯ ಉದ್ದ ಹನ್ನೊಂದು ಮೀಟರಿಗೂ ಹೆಚ್ಚು. ಅಷ್ಟು ಗಾಳಿಯನ್ನು ತಳ್ಳಲು 18 ಇಂಚಿನ ಸ್ಪೀಕರುಗಳು ಬೇಕು. ಅದನ್ನು ನಾವು ಅರ್ಧ ಕಿವಿಯಲ್ಲಿ, ಅರ್ಧ ಎದೆಗೂಡಿನಲ್ಲಿ ಕೇಳುತ್ತೇವೆ. ಮೊಬೈಲ್ ಸ್ಪೀಕರಿಗೆ ಈ ಸದ್ದು ಇಲ್ಲವೇ ಇಲ್ಲ. ಪಕ್ಕದ ಸ್ಕ್ರೀನಿನ ಫೈಟು ನಿಮ್ಮ ಪ್ರೇಮದೃಶ್ಯಕ್ಕೆ ನುಗ್ಗುವುದೂ ಈ ಉದ್ದ ಅಲೆಗಳಿಂದಲೇ. ಇವನ್ನು ತಡೆಯಲು ಬಟ್ಟೆ ಸಾಲದು, ನಡುವೆ ಗಾಳಿ ಬಿಟ್ಟು ಕಟ್ಟಿದ ಜೋಡಿಗೋಡೆಯೇ ಬೇಕು.

‘ಮಾತು ಕೇಳ್ತಿಲ್ಲ, ಹೊಡೆದಾಟ ಮಾತ್ರ ಕಿವಿಗಡಚಿಕ್ಕುತ್ತೆ’

ಪ್ರೇಕ್ಷಕರ ಅತಿ ಸಾಮಾನ್ಯ ದೂರು ಇದು. ಧ್ವನಿ ಬೆರೆಸುವ ಸ್ಟುಡಿಯೋದಲ್ಲಿ ಸದ್ದಿನ ಮಟ್ಟ ನಿಗದಿಯಾಗಿರುತ್ತದೆ: ಪರೀಕ್ಷೆಯ ಸದ್ದು ಹಾಕಿದಾಗ ಪರದೆಯ ಪ್ರತಿ ಸ್ಪೀಕರ್ 85 ಡೆಸಿಬೆಲ್, ಅತ್ಯಂತ ಜೋರಾದ ಕ್ಷಣದಲ್ಲಿ 105. ಥಿಯೇಟರಿನ ಸೌಂಡ್ ಪ್ರೊಸೆಸರಿನಲ್ಲಿ ಸದ್ದು ಏರಿಸಿ ಇಳಿಸುವ ಗುಂಡಿಗೆ ಫೇಡರ್ ಎನ್ನುತ್ತಾರೆ, ಅದರಲ್ಲಿ ಇದಕ್ಕೆ ಹೊಂದುವ ಅಂಕಿ 7. ಎಲ್ಲರೂ 7ರಲ್ಲಿ ಹಾಕಿದರೆ ನಿರ್ದೇಶಕರು ಕೇಳಿದ್ದನ್ನೇ ನೀವೂ ಕೇಳುತ್ತೀರಿ.

ನಡೆಯುವುದು ಬೇರೆ. ಜಾಹೀರಾತು ಕಿರುಚುತ್ತದೆ, ಯಾರೋ ದೂರುತ್ತಾರೆ, ಸಿಬ್ಬಂದಿ 5ಕ್ಕೆ ಇಳಿಸುತ್ತಾರೆ, ಸಿನಿಮಾ ಶುರುವಾದರೂ ಅದು ಅಲ್ಲೇ ಉಳಿಯುತ್ತದೆ. ಈ ಅಂಕಿಗಳಲ್ಲಿ ಒಂದು ಮೆಟ್ಟಿಲು ಇಳಿದರೆ ಸುಮಾರು 3.3 ಡೆಸಿಬೆಲ್ ಕಡಿಮೆ. 4ಕ್ಕೆ ಬಂದರೆ 10 ಡೆಸಿಬೆಲ್ ಹೋಗಿ ಕಿವಿಗೆ ಅರ್ಧದಷ್ಟೇ ಸದ್ದು. ಹೊಡೆದಾಟ ಆಗಲೂ ಕೇಳುತ್ತದೆ, ಪಿಸುಮಾತು ಮಾತ್ರ ಎಸಿಯ ಸದ್ದಿನಲ್ಲಿ ಮುಳುಗುತ್ತದೆ. ನಡುವಿನ ಸ್ಪೀಕರಿನಲ್ಲಿ ಕೀಚಲು ಸದ್ದುಗಳನ್ನು ಕೊಡುವ ಸಣ್ಣ ಭಾಗ, ಹಾರನ್, ಕೆಟ್ಟಿದ್ದರೂ ಹೀಗೇ ಆಗುತ್ತದೆ. ಆಗ ‘ಸ’, ‘ಶ’, ‘ಚ’ ಅಕ್ಷರಗಳು ಮೊದಲು ಮಾಯವಾಗುತ್ತವೆ.

ಒಳ್ಳೆಯ ಹಾಲ್‌ನ ಮೌನಕ್ಕೆ ಬೆಲೆ ಬರುವುದು ಇಲ್ಲೇ. ಫ್ಯಾನ್ ತಿರುಗುವ ಮನೆಯಲ್ಲಿ ಪಿಸುಮಾತು ಕೇಳಬೇಕಾದರೆ ಟಿವಿ ಜೋರು ಮಾಡಬೇಕು, ಮರುಕ್ಷಣ ಗುಂಡು ಹಾರಿದರೆ ಓಡಿ ಕಡಿಮೆ ಮಾಡಬೇಕು.

ಡಬ್ಬ ಹೋಯಿತು, ಬೀಗ ಬಂತು

ಮೊದಲು ಸಿನಿಮಾ ಬರುತ್ತಿದ್ದುದು ರೀಲಿನ ಡಬ್ಬಗಳಲ್ಲಿ. 2,000 ಅಡಿಯ ಒಂದು ರೀಲು ಸುಮಾರು 20 ನಿಮಿಷ ಓಡುತ್ತಿತ್ತು. ಈಗ ಬರುವುದು ಡಿಸಿಪಿ ಎಂಬ ಬೀಗ ಹಾಕಿದ ಫೈಲುಗಳ ಕಟ್ಟು, ಹಾರ್ಡ್ ಡಿಸ್ಕಿನಲ್ಲೋ ಉಪಗ್ರಹ, ಇಂಟರ್ನೆಟ್ ಮೂಲಕವೋ. ಇದರಲ್ಲಿ ಪ್ರತಿ ಫ್ರೇಮನ್ನೂ ಒಂದೊಂದು ಫೋಟೋದಂತೆ ಬೇರೆ ಬೇರೆಯಾಗಿ ಕುಗ್ಗಿಸಿರುತ್ತಾರೆ, ಸೆಕೆಂಡಿಗೆ 250 ಮೆಗಾಬಿಟ್‌ವರೆಗೆ. ಮನೆಯ ಸ್ಟ್ರೀಮಿಂಗ್ ಇದರ ಹತ್ತನೇ ಒಂದು ಪಾಲಿನಲ್ಲಿ ಕೆಲಸ ಮುಗಿಸುತ್ತದೆ. ಮಳೆ, ಹೊಗೆ, ದೂಳಿನ ದೃಶ್ಯ ಮನೆಯಲ್ಲಿ ಚೌಕ ಚೌಕವಾಗಿ ಒಡೆದು, ಥಿಯೇಟರಿನಲ್ಲಿ ಮಳೆಯಾಗಿಯೇ ಉಳಿಯುವುದು ಈ ಕಾರಣಕ್ಕೆ.

ಬೀಗದ ಕೈಯನ್ನು ಕೆಡಿಎಂ ಎನ್ನುತ್ತಾರೆ. ಇದು ಒಂದು ನಿರ್ದಿಷ್ಟ ಸ್ಕ್ರೀನಿನ ಸರ್ವರಿಗೆ, ನಿರ್ದಿಷ್ಟ ದಿನ ಗಂಟೆಗಳ ನಡುವೆ ಮಾತ್ರ ತೆರೆಯುವ ಕೀಲಿ. ಒಂದನೇ ಸ್ಕ್ರೀನಿನ ಕೀಲಿ ಎರಡನೆಯದಕ್ಕೆ ಹೊಂದುವುದಿಲ್ಲ. ದೊಡ್ಡ ನಟರ ಸಿನಿಮಾದ ಮುಂಜಾನೆಯ ಆಟ ಕೆಲವೊಮ್ಮೆ ತಡವಾಗಿ, ಹೊರಗೆ ಪಟಾಕಿ ಬದಲು ಬೈಗುಳ ಶುರುವಾಗುವುದಕ್ಕೆ ಒಂದು ಕಾರಣ ಈ ಕೀಲಿ ಬಂದಿರುವುದಿಲ್ಲ, ಅಥವಾ ಅದರಲ್ಲಿ ಬರೆದ ಸಮಯ ಇನ್ನೂ ಆಗಿರುವುದಿಲ್ಲ.

ಆ್ಯಪ್‌ನಲ್ಲಿನ ಪದಗಳು

2ಕೆ ಎಂದರೆ ಅಡ್ಡಕ್ಕೆ 2,048 ಚುಕ್ಕಿ, 4ಕೆ ಎಂದರೆ 4,096. ನಮ್ಮ 12 ಮೀಟರ್ ಪರದೆಯಲ್ಲಿ 2ಕೆಯ ಒಂದು ಚುಕ್ಕಿ ಆರು ಮಿಲಿಮೀಟರಿಗೆ ಹತ್ತಿರ. ಆರೋಗ್ಯವಂತ ಕಣ್ಣಿಗೆ 20 ಮೀಟರಿನಾಚೆ ಅದು ಬೇರೆಯಾಗಿ ಕಾಣುವುದಿಲ್ಲ. ಹಾಗಾಗಿ ಕೊನೆಯ ಸಾಲಿನಲ್ಲಿ ಕೂತು 4ಕೆಗೆ ಹೆಚ್ಚು ಕೊಡುವುದರಲ್ಲಿ ಅರ್ಥವಿಲ್ಲ. ನಡುವಿನಿಂದ ಮುಂದೆ ಕೂರುವವರಿಗೆ ವ್ಯತ್ಯಾಸ ಸಿಗುತ್ತದೆ, ಅದೂ ಸಿನಿಮಾದ ಮೂಲ ಪ್ರತಿಯೇ 4ಕೆಯಲ್ಲಿ ಸಿದ್ಧವಾಗಿದ್ದರೆ. ಹಲವು ಸಿನಿಮಾಗಳು ಈಗಲೂ 2ಕೆಯಲ್ಲೇ ಮುಗಿಯುತ್ತವೆ.

ಐಮ್ಯಾಕ್ಸ್ ಒಂದು ಕಂಪನಿಯ ಪೂರ್ತಿ ಏರ್ಪಾಡು: ಹತ್ತಿರದ ಸೀಟು, ಕಡಿದಾದ ಮೆಟ್ಟಿಲು, ಎತ್ತರದ ಪರದೆ. ‘ಸ್ಕೋಪ್’ ಎಂಬ ಅಗಲ ಚೌಕಟ್ಟಿನ ಸಿನಿಮಾದಲ್ಲಿ ಅಗಲ ಎತ್ತರದ 2.39 ಪಟ್ಟು, ಡಿಜಿಟಲ್ ಐಮ್ಯಾಕ್ಸ್‌ನಲ್ಲಿ ಸಾಮಾನ್ಯವಾಗಿ 1.90. ಅಷ್ಟೇ ಅಗಲಕ್ಕೆ ಚಿತ್ರ ಕಾಲು ಭಾಗ ಎತ್ತರವಾಗುತ್ತದೆ, ಆದರೆ ಐಮ್ಯಾಕ್ಸ್‌ಗೆಂದೇ ಹಾಗೆ ತಯಾರಿಸಿದ ಸಿನಿಮಾದಲ್ಲಿ ಮಾತ್ರ, ಎಷ್ಟೋ ಸಲ ಅದರ ಕೆಲವು ದೃಶ್ಯಗಳಲ್ಲಿ ಮಾತ್ರ. ಉಳಿದವು ಅಲ್ಲೂ ಮೇಲೆ ಕೆಳಗೆ ಕಪ್ಪು ಪಟ್ಟಿಯೊಂದಿಗೇ ಬರುತ್ತವೆ. ಸೀಟು ಅಲುಗಾಡಿಸಿ ಮುಖಕ್ಕೆ ನೀರು ಚಿಮುಕಿಸುವ 4ಡಿಎಕ್ಸ್ ಬೇರೆಯೇ ಆಟ; ಕೂತಿದ್ದೀರೆಂಬುದನ್ನು ಮರೆಸುವ ಬದಲು ನೆನಪಿಸುತ್ತದೆ.

ಕೆಟ್ಟಿದ್ದರೆ ಹೇಳುವುದು ಹೇಗೆ

ಒಂಟಿ ಪರದೆಯ ಟಾಕೀಸಿನಲ್ಲಿ ಆಪರೇಟರ್ ಪ್ರೊಜೆಕ್ಷನ್ ರೂಮಿನ ಕಿಂಡಿಯಿಂದ ಇಣುಕುತ್ತಿದ್ದರು. ಚಿತ್ರ ಮಸುಕಾದರೆ ಜನ ಶಿಳ್ಳೆ ಹೊಡೆದರೆ ಸಾಕಿತ್ತು. ಮಲ್ಟಿಪ್ಲೆಕ್ಸಿನಲ್ಲಿ ಆ ರೂಮಿನಲ್ಲಿ ಸಾಮಾನ್ಯವಾಗಿ ಯಾರೂ ಇರುವುದಿಲ್ಲ. ದೀಪ ಆರುವುದು, ಆಟ ಶುರುವಾಗುವುದು, ಇಂಟರ್ವಲ್ ಎಲ್ಲವೂ ಮೊದಲೇ ಬರೆದಿಟ್ಟಂತೆ ಕಂಪ್ಯೂಟರ್ ನಡೆಸುತ್ತದೆ. ನೀವು ಎದ್ದು ಹೋಗಿ ಹೇಳದಿದ್ದರೆ ಆ ದೋಷ ರಾತ್ರಿಯ ಆಟದವರೆಗೂ ಹಾಗೇ ಓಡುತ್ತದೆ.

ಇಂಟರ್ವಲ್‌ವರೆಗೆ ಕಾಯಬೇಡಿ, ಮೊದಲ ಐದು ನಿಮಿಷದಲ್ಲೇ ಬಾಗಿಲಲ್ಲಿ ನಿಂತ ಸಿಬ್ಬಂದಿಗೆ ಹೇಳಿ. ‘ಸರಿಯಿಲ್ಲ’ ಎಂದರೆ ಅವರು ತಲೆಯಾಡಿಸಿ ಸುಮ್ಮನಾಗಬಹುದು, ಆದ್ದರಿಂದ ಏನು ಸರಿಯಿಲ್ಲ ಎಂದು ಬಿಡಿಸಿ ಹೇಳಬೇಕು. ಹಾಡು ಕೇಳಿ ಮಾತು ಕೇಳದಿದ್ದರೆ: ‘ಸೆಂಟರ್ ಸ್ಪೀಕರ್ ನೋಡಿ, ಫೇಡರ್ ಎಷ್ಟರಲ್ಲಿದೆ?’ ಇಡೀ ಚಿತ್ರ ಮಂಕಿದ್ದರೆ: ‘3ಡಿ ಫಿಲ್ಟರ್ ಹಾಗೇ ಇದೆಯಾ?’ ಚಿತ್ರದ ಸುತ್ತ ಬೂದು ಪಟ್ಟಿ ಹೊಳೆಯುತ್ತಿದ್ದರೆ ಪರದೆಯ ಅಂಚಿನ ಕಪ್ಪು ಬಟ್ಟೆ ಸರಿದಿಲ್ಲ: ‘ಮಾಸ್ಕಿಂಗ್ ಹಾಕಿ.’ ಎಲ್ಲವೂ ಮಸುಕಾಗಿ ಸಬ್‌ಟೈಟಲಿನ ಅಕ್ಷರದ ಅಂಚೂ ಹರಡಿದ್ದರೆ: ‘ಫೋಕಸ್.’ ಫೇಡರ್ ಏರಿಸಲು ಕೆಲವು ಸೆಕೆಂಡ್ ಸಾಕು, ಫಿಲ್ಟರ್ ತೆಗೆಯಲು, ಫೋಕಸ್ ಮಾಡಲು ಒಂದೆರಡು ನಿಮಿಷ. ಗೋಡೆಯ ಸ್ಪೀಕರ್ ಸುಟ್ಟಿದ್ದರೆ, ಬಲ್ಬಿನ ಆಯಸ್ಸು ಮುಗಿದಿದ್ದರೆ ಆ ಆಟದಲ್ಲಿ ಸರಿಯಾಗುವುದಿಲ್ಲ. ಆಗ ಬೇರೆ ಆಟಕ್ಕೆ ಟಿಕೆಟ್ ಬದಲಿಸಿಕೊಡಿ ಎಂದು ಮ್ಯಾನೇಜರನ್ನೇ ಕೇಳಬೇಕು, ಅದೂ ಅರ್ಧ ಸಿನಿಮಾ ನೋಡಿ ಮುಗಿಸುವ ಮೊದಲು.